ಮನೆಯಲ್ಲಿ ಜನ ಇದ್ದಾರೆ

ಯಾವುದಾದರೂ ಕಟ್ಟಡದ ಮೆಟ್ಟಿಲು ಹತ್ತುವಾಗ ಬಾಗಿಲ ಹೊರಗೆ ಬಿಟ್ಟ ಚಪ್ಪಲಿ ಕಂಡರೆ ನಾನು ಈಗಲೂ ನಿಂತುಬಿಡುತ್ತೇನೆ. ಒಳಗೆ ಮಾತು ಕೇಳುತ್ತದೆಯೇ, ಕುಕ್ಕರಿನ ಸೀಟಿ ಕೇಳುತ್ತದೆಯೇ ಎಂದು ಕಿವಿಗೊಡುತ್ತೇನೆ. ಏನಾದರೊಂದು ಸದ್ದು ಬಂದ ಮೇಲೆಯೇ ಕಾಲು ಮುಂದೆ ಹೋಗುತ್ತದೆ. ಮೊದಮೊದಲು ನನ್ನ ಗಂಡ ನಗುತ್ತಿದ್ದರು. ಈಗ ನಗುವುದಿಲ್ಲ. ನಾನು ನಿಂತರೆ ಅವರೂ ಮೇಲಿನ ಮೆಟ್ಟಿಲಲ್ಲಿ ನಿಂತು, ಮೊಬೈಲು ನೋಡುವ ನೆಪ ಮಾಡುತ್ತಾರೆ.

ಈ ಚಟ ಹಿಡಿದದ್ದು ಮುಂಬಯಿಗೆ ತಾಗಿದ ಠಾಣೆ ಊರಿನ ಪೂರ್ವಕ್ಕೆ, ಕೋಪರಿಯಲ್ಲಿ, ನನ್ನ ಸೋದರತ್ತೆಯ ಮನೆಯಿಂದ.

ಅತ್ತೆ ಮತ್ತು ಮಾವ ಇಬ್ಬರೂ ಉಡುಪಿ ಕಡೆಯವರು. ಮಾವ ಹುಡುಗನಾಗಿದ್ದಾಗ ಬಂದು ಒಂದು ಶಾಕಾಹಾರಿ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದವರು, ಆಮೇಲೆ ಜೀವಮಾನವೆಲ್ಲ ಬೇರೆಯವರ ಹೋಟೆಲಿನ ಗಲ್ಲಾದಲ್ಲಿ ಕೂತವರು. ಮಾಲೀಕರು ಬದಲಾದರು, ಹೋಟೆಲಿನ ಹೆಸರು ಬದಲಾಯಿತು, ಕೊನೆಗೆ ಆ ಜಾಗದಲ್ಲಿ ಮೊಬೈಲು ಅಂಗಡಿ ಬಂತು. ಪಿಂಚಣಿ ಎನ್ನುವುದು ಆ ಕೆಲಸದಲ್ಲಿ ಇರಲಿಲ್ಲ. ಮಕ್ಕಳೂ ಇರಲಿಲ್ಲ. ಇದ್ದದ್ದು ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ, ಎರಡನೇ ಮಹಡಿಯಲ್ಲಿ ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ. ಸಾಲವೆಲ್ಲ ತೀರಿ ಸ್ವಂತದ್ದಾಗಿತ್ತು.

ಊರಿಗೆ ಹೋಗಿ ಇರಿ ಎಂದು ಯಾರೋ ಹೇಳಿದಾಗ ಅತ್ತೆ ಅಂದದ್ದು ನೆನಪಿದೆ. "ಊರಲ್ಲಿ ನಮಗೆ ಎಂತ ಉಂಟು? ಇಲ್ಲಿ ನೀರು ಬರುವ ಹೊತ್ತಾದರೂ ಗೊತ್ತುಂಟು."

ಎರಡು ಸಾವಿರದ ದಶಕದ ಕೊನೆಯ ಹೊತ್ತಿಗೆ ಬ್ಯಾಂಕುಗಳಲ್ಲಿ ರಿವರ್ಸ್ ಮಾರ್ಟ್‌ಗೇಜ್ ಎಂಬ ಹೊಸ ಸಾಲ ಬಂದಿತ್ತು. ಅರವತ್ತು ದಾಟಿದವರಿಗೆ, ಸ್ವಂತ ಮನೆಯಿದ್ದು ಕೈಯಲ್ಲಿ ದುಡ್ಡಿಲ್ಲದವರಿಗೆ. ಮಾವ ಯಾರಿಂದಲೋ ಕೇಳಿಕೊಂಡು ಬಂದರು. ಬ್ಯಾಂಕಿನ ಅಧಿಕಾರಿ ಮನೆಗೆ ಬರುವ ದಿನ ಅತ್ತೆ ನನ್ನನ್ನು ನಮ್ಮ ಮನೆಯಿದ್ದ ಸಾನಪಾಡಾದಿಂದ ಕರೆಸಿದರು. "ನೀನು ಕಾಲೇಜು ಕಲಿತವಳು. ಸುಮ್ಮನೆ ಕೂತು ಕೇಳು ಮಾರಾಯ್ತಿ. ಮಾವ ಎಲ್ಲದಕ್ಕೂ ತಲೆ ಆಡಿಸ್ತಾರೆ, ಗಲ್ಲಾದಲ್ಲಿ ಕೂತು ಅಭ್ಯಾಸ."

ಅಧಿಕಾರಿ ಕಲ್ಯಾಣದಲ್ಲಿ ಮನೆ ಮಾಡಿಕೊಂಡಿದ್ದ ಬಿಜಾಪುರದ ಕಡೆಯ ಮನುಷ್ಯ. ಮರಾಠಿಯಲ್ಲಿ ಶುರು ಮಾಡಿದವರು ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರ್ ನೋಡಿ, "ಅಯ್ಯ, ನಮ್ಮವ್ರೇ ಅದೀರಲ್ರೀ" ಎಂದು ಕಾಲು ಮಡಚಿ ಆರಾಮಾಗಿ ಕೂತರು.

"ಮನಿ ಸಾಲ ತಗೊಂಡ್ರ ನೀವು ತಿಂಗಳಾ ಬ್ಯಾಂಕಿಗೆ ಕಂತು ಕಟ್ಟತೀರಿ, ಹೌದಿಲ್ರೀ? ಇದು ಉಲ್ಟಾ. ಬ್ಯಾಂಕ ನಿಮಗ ಕಂತು ಕಟ್ಟತದ."

"ಮತ್ತೆ ನಾವು ವಾಪಸು ಕೊಡುವುದು ಯಾವಾಗ?" ಮಾವ ಕೇಳಿದರು.

"ನೀವು ಇರೂತನಾ ಕೊಡೂದೇ ಬ್ಯಾಡ್ರೀ. ನೀವಿಬ್ರೂ ಹೋದ ಮ್ಯಾಲ ನಿಮ್ಮ ವಾರಸುದಾರರು ಅಸಲು ಬಡ್ಡಿ ತುಂಬಿ ಮನಿ ಬಿಡಿಸ್ಕೋಬಹುದು. ಅವ್ರು ಒಲ್ಲೆ ಅಂದ್ರ ಬ್ಯಾಂಕ ಮನಿ ಮಾರಿ ತನ್ನದು ತಗೊಂಡು, ಉಳಿದದ್ದು ಅವ್ರಿಗೇ ಕೊಡತದ. ಕಡಿಮಿ ಬಿದ್ರ ಬ್ಯಾಂಕಿನ ಹಣೇಬಾರ. ನಡುವ ನಿಮಗ ಕೈಯಾಗ ರೊಕ್ಕ ಬಂತು, ಸಾಲ ಹರೀಬೇಕು ಅನಸ್ತು, ಯಾವಾಗ ಬೇಕಾದ್ರೂ ಹರೀಬಹುದು."

"ಅಂದ್ರೆ ನಾವು ಬದುಕಿದಷ್ಟೂ ಬಡ್ಡಿ ಬೆಳೀತದೆ," ಅತ್ತೆ ಅಂದರು.

"ಹೌದ್ರೀ ಅಮ್ಮಾರ. ಬೆಳೀಲಿ ಬಿಡ್ರಿ. ನೀವು ನೂರು ವರ್ಷ ಇರ್ರಿ."

ಹದಿನೈದು ವರ್ಷ ತಿಂಗಳು ತಿಂಗಳು ಹಣ ಬರುತ್ತದೆ, ಆಮೇಲೆ ಹಣ ನಿಂತರೂ ಮನೆ ಬಿಡಬೇಕಾಗಿಲ್ಲ, ಇಬ್ಬರಲ್ಲಿ ಒಬ್ಬರು ಹೋದರೂ ಇನ್ನೊಬ್ಬರಿಗೆ ನಡೆಯುತ್ತದೆ ಎಂದೆಲ್ಲ ಹೇಳಿದ ಮೇಲೆ ಅವರು ಷರತ್ತುಗಳಿಗೆ ಬಂದರು. ಸೊಸೈಟಿಯ ಮೆಂಟೆನನ್ಸು, ಮನೆ ತೆರಿಗೆ, ವಿಮೆ ಕಟ್ಟುತ್ತಿರಬೇಕು. ರಿಪೇರಿ ಮಾಡಿಸುತ್ತಿರಬೇಕು. ಬಾಡಿಗೆಗೆ ಕೊಡಬಾರದು. "ಮತ್ತ ಮುಖ್ಯ ಅಂದ್ರ, ನೀವು ಇಲ್ಲೇ ವಾಸ ಇರಬೇಕು. ಒಂದು ವರ್ಷ ಸತತ ಮನಿ ಖಾಲಿ ಬಿಟ್ರ ಸಾಲ ಪೂರಾ ವಸೂಲಿಗೆ ಬರ್ತದ. ನಾವು ನಡುನಡುವ ಬಂದು ನೋಡಿ ಹೋಗ್ತೀವಿ."

ಅವರು ಸ್ಪಷ್ಟವಾಗಿಯೇ ಹೇಳಿದರು. ಒಂದು ವರ್ಷ, ಸತತ. ನಾನು ಕೇಳಿದೆ, ಮಾವ ಕೇಳಿದರು. ಅತ್ತೆಯ ಕಿವಿಯಲ್ಲಿ ಉಳಿದದ್ದು ಮಾತ್ರ ಬೇರೆ. ಮನೆ ಖಾಲಿ ಕಾಣಬಾರದು. ನೋಡಲು ಬರುತ್ತಾರೆ.

ಅದಾದ ಕೆಲವು ದಿನಕ್ಕೆ ಕಟ್ಟಡ ನೋಡುವ ಎಂಜಿನಿಯರ್ ಬಂದು ಗೋಡೆಗೆ ಬೆರಳಿನಿಂದ ತಟ್ಟಿ, ಬಚ್ಚಲಿನ ಮೂಲೆಗೆ ಟಾರ್ಚು ಬಿಟ್ಟು ಹೋದ. ಕಟ್ಟಡಕ್ಕೆ ಇನ್ನೂ ಇಪ್ಪತ್ತು ವರ್ಷದ ಆಯುಷ್ಯ ಇದ್ದರೆ ಮಾತ್ರ ಸಾಲ. ಇದೆ ಎಂದು ಅವನು ಹೇಳಿದ. ಅತ್ತೆ ಬಾಗಿಲು ಹಾಕುತ್ತ ಅಂದರು, "ಗೋಡೆಯ ಆಯುಷ್ಯ ಮಾತ್ರ ಕೇಳಿದ. ನಮ್ಮದು ಕೇಳಲಿಕ್ಕೆ ನಾಚಿಕೆ ಆಯಿತೋ ಏನೋ."

ಹಣ ಬರತೊಡಗಿತು. ಮಾವನ ಕಣ್ಣಿನ ಪೊರೆ ತೆಗೆಸಿದರು. ಅಡುಗೆಮನೆಗೆ ಹೊಸ ಟೈಲ್ಸ್ ಬಂತು. ಮನೆಯಲ್ಲಿ ಎಷ್ಟೋ ಕಾಲದ ಮೇಲೆ ಒಂದು ನಿರಾಳ ಬಂತು. ಅದರ ಜೊತೆಗೇ ಚಪ್ಪಲಿಯ ಕೆಲಸವೂ ಶುರುವಾಯಿತು.

ನಮ್ಮ ಜನರಲ್ಲಿ ಬಾಗಿಲ ಹೊರಗೆ ಚಪ್ಪಲಿ ಇದ್ದರೆ ಮನೆಯಲ್ಲಿ ಜನ ಇದ್ದಾರೆ ಎಂದು ಲೆಕ್ಕ. ಬೆಲ್ ಒತ್ತುವ ಮೊದಲು ಯಾರೇ ಆದರೂ ನೆಲ ನೋಡುತ್ತಾರೆ. ಅತ್ತೆ ಎರಡು ಹಳೆಯ ಜೊತೆಗಳನ್ನು, ಒಂದು ತನ್ನದು ಒಂದು ಮಾವನದು, ಬಾಗಿಲ ಪಕ್ಕ ಸದಾ ಇರುವಂತೆ ಇಟ್ಟರು. ತರಕಾರಿಗೆ ಹೋದರೂ ಇನ್ನೊಂದು ಜೊತೆ ಮೆಟ್ಟಿಕೊಂಡು ಹೋಗುವುದು. ಡೊಂಬಿವಲಿಗೆ ಮದುವೆಗೆ ಹೋದರೂ ಹಾಗೆಯೇ. ದಿನವೂ ಸ್ವಲ್ಪ ಆಚೀಚೆ ಸರಿಸುವುದು, ಧೂಳು ಕೂತಂತೆ ಕಾಣಬಾರದಲ್ಲ.

"ಬ್ಯಾಂಕು ಸಾಲ ಕೊಟ್ಟದ್ದು ಮನೆಗಲ್ಲ, ನನ್ನ ಚಪ್ಪಲಿಗೆ," ಎಂದು ಮಾವ ಎಲ್ಲರೆದುರು ಹೇಳುತ್ತಿದ್ದರು. "ಅದರ ಅಡಿ ಸವೆದ ಹಾಗೆ ಬಡ್ಡಿ ಏರ್ತದೆ."

"ನಿಮಗೆ ತಮಾಷೆ," ಅತ್ತೆ ಸಿಡುಕುವರು. "ನಾಳೆ ಅವರು ಬಂದು, ಬಾಗಿಲು ನೋಡಿ, ಮನೆಯಲ್ಲಿ ಯಾರೂ ಇಲ್ಲ ಅಂತ ಬರ್ಕೊಂಡು ಹೋದ್ರೆ?"

ಯಾರು ಬೆಲ್ ಒತ್ತಿದರೂ, ಗ್ಯಾಸಿನವನಿರಲಿ, ಮತದಾರರ ಪಟ್ಟಿಯವರಿರಲಿ, ಕೇಳುವ ಮೊದಲೇ ಅತ್ತೆಯ ಉತ್ತರ ತಯಾರಿರುತ್ತಿತ್ತು: "ಆಮ್ಹೀ ಇಥೇಚ ರಾಹತೋ." ನಾವು ಇಲ್ಲೇ ಇರುವುದು.

ಮಾವ ಕೆಲವು ವರ್ಷಗಳ ಮೇಲೆ, ಮಧ್ಯಾಹ್ನದ ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಕ್ರಿಯೆಗಳೆಲ್ಲ ಮುಗಿದ ಮೇಲೆ ಬಿಜಾಪುರದ ಅಧಿಕಾರಿ ಮಾತಾಡಿಸಲು ಬಂದರು. ಸಾಲ ಹಾಗೇ ನಡೆಯುತ್ತದೆ, ಹೆದರಬೇಡಿ, ಕಾಗದದ ಭಾಷೆಯಲ್ಲಿ ಈಗ ನೀವು "ಕೊನೆಗೆ ಉಳಿದ ಸಾಲಗಾರರು" ಎಂದರು. ಬೇಕೆಂದು ಹೇಳಿದ ಮಾತಲ್ಲ. ಅತ್ತೆ ಮಾತ್ರ ಅದನ್ನು ಬಿಡಲಿಲ್ಲ. ಫೋನು ಮಾಡಿದರೆ, "ಎಂತ ಮಾಡ್ತಿದ್ದೀರಿ ಅತ್ತೆ?" ಅಂದರೆ, "ಎಂತ ಮಾಡುದು? ಕೊನೆಗೆ ಉಳಿದಿದ್ದೇನೆ" ಎನ್ನುವರು. ನಗುತ್ತಲೇ ಹೇಳುವರು. ಆ ನಗು ನನಗೆ ಹಿಡಿಸುತ್ತಿರಲಿಲ್ಲ. ಮಾವನ ಚಪ್ಪಲಿ ಬಾಗಿಲ ಹೊರಗೆ ಹಾಗೆಯೇ ಇತ್ತು.

ಆಮೇಲಿನ ಒಂದು ಮಳೆಗಾಲಕ್ಕೆ ಮೊದಲು ಮಹಾನಗರಪಾಲಿಕೆಯವರು ಕಟ್ಟಡದ ಗೇಟಿಗೆ ನೋಟಿಸು ಅಂಟಿಸಿದರು. ದೊಡ್ಡ ಅಕ್ಷರದಲ್ಲಿ "ಧೋಕಾದಾಯಕ ಇಮಾರತ". ಅಪಾಯದ ಕಟ್ಟಡ, ತಕ್ಷಣ ಖಾಲಿ ಮಾಡಿ. ನಾನು ಹೆದರಿ ಓಡಿ ಬಂದರೆ ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದರು.

"ಧೋಕಾ ಅಂದ್ರೆ ಮರಾಠಿಯಲ್ಲಿ ಅಪಾಯ, ಹಿಂದಿಯಲ್ಲಿ ಮೋಸ," ಅಂದರು. "ಇವರು ಯಾವ ಭಾಷೆಯಲ್ಲಿ ಬರೆದದ್ದು ಅಂತ ಮೊದಲು ಕೇಳ್ಬೇಕು."

ಆ ಮಾತು ಪೂರ್ತಿ ಹುಚ್ಚಲ್ಲ. ಕಟ್ಟಡ ಕೆಡವಿ ಹೊಸದು ಕಟ್ಟಲು ಬಿಲ್ಡರುಗಳು ಆ ಬೀದಿಯಲ್ಲಿ ಓಡಾಡುತ್ತಿದ್ದರು. ಗಟ್ಟಿಯಿದ್ದ ಕಟ್ಟಡಕ್ಕೂ ಇಂಥ ನೋಟಿಸು ಬರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆದರೂ ಒಂದೊಂದೇ ಕುಟುಂಬ ಕಾಮೋಠೆಗೆ, ಡೊಂಬಿವಲಿಗೆ, ಬಾಡಿಗೆ ಸಿಕ್ಕಲ್ಲಿಗೆ ಹೊರಟಿತು. ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಕೆಳಗಿನ ಮನೆಯ ಮರಾಠಿ ಹೆಂಗಸು ಹೋಗುವ ದಿನ ಅತ್ತೆಯ ಕೈ ಹಿಡಿದು ಅತ್ತರಂತೆ. ನಲ್ಲಿ ಕಡಿದರು, ಕರೆಂಟು ಕಡಿದರು. ಅತ್ತೆ ರಸ್ತೆಯಾಚೆಯ ಅಂಗಡಿಯಿಂದ ಎರಡು ಕ್ಯಾನು ನೀರು ತರಿಸಿಕೊಂಡು ಉಳಿದರು. ಇಡೀ ಮೆಟ್ಟಿಲಿಗೆ ಅವರೊಬ್ಬರು.

ನಾನು ಬ್ಯಾಂಕಿನ ಅಧಿಕಾರಿಗೆ ಫೋನು ಹಚ್ಚಿ ಅತ್ತೆಯ ಕಿವಿಗೆ ಹಿಡಿದೆ. ಅವರ ದನಿ ನನಗೂ ಕೇಳುತ್ತಿತ್ತು. "ಅಮ್ಮಾರ, ದೇವ್ರಾಣಿ, ಒಂದ್ ವರ್ಷದ ಮಾತು ಅದು. ನಗರಪಾಲಿಕೆಯವ್ರೇ ಹೊರಗ ಹಾಕಿದ್ರ ನಿಮ್ಮ ತಪ್ಪು ಹ್ಯಾಂಗ ಆಗ್ತದ್ರೀ? ಮೊದಲ ಹೊರಗ ಬರ್ರಿ. ಉಳಿದದ್ದು ನಾ ಬರಕೊಡ್ತೀನಿ."

"ಆಯ್ತು ಆಯ್ತು," ಎಂದು ಫೋನು ನನ್ನ ಕೈಗೆ ಕೊಟ್ಟರು. "ಇವರು ಒಳ್ಳೆಯವರೇ. ಆದರೆ ಇವರ ಮೇಲೆ ಇನ್ನೊಬ್ಬ ಇರ್ತಾನಲ್ಲ, ಅವನಿಗೆ ಕನ್ನಡ ಬರ್ತದಾ?"

ನಾನು ಜಗಳ ಆಡಿದೆ, ಕಾಲು ಹಿಡಿದೆ. ಹಾಲ್‌ನ ಛಾವಣಿಯಿಂದ ಸಿಮೆಂಟಿನ ಪುಡಿ ಉದುರುತ್ತಿತ್ತು. ಅತ್ತೆ ಅದರ ಕೆಳಗೆ ಒಂದು ಸ್ಟೀಲಿನ ಹರಿವಾಣ ಇಟ್ಟಿದ್ದರು, ಸೋರುವ ಕಡೆ ಪಾತ್ರೆ ಇಟ್ಟ ಹಾಗೆ. ಪುಡಿ ಬಿದ್ದಾಗ ಸಣ್ಣಗೆ ಚರಚರ ಎನ್ನುವುದು. ಮಾತು ನಿಂತಾಗೆಲ್ಲ ಆ ಸದ್ದು. "ಅದು ಹಳೆಯ ಮನೆ ಉಸಿರಾಡುದು," ಅತ್ತೆ ಅಂದರು.

ಕೊನೆಯ ದಿನ ಒಂದು ಭಾನುವಾರದ ಮಧ್ಯಾಹ್ನ. ರಾತ್ರಿಯಿಡೀ ಮಳೆ ಹೊಡೆದು ಬೆಳಗ್ಗೆ ನಿಂತಿತ್ತು. ನಾನು ಸಾನಪಾಡಾದಿಂದ ಟ್ರೇನು ಹಿಡಿದು ಬಂದಾಗ ಅತ್ತೆ ಯಾಕೋ ಮೆತ್ತಗಾಗಿದ್ದರು. ಸರಿಯಾಗಿ ನಿದ್ದೆ ಮಾಡಿರಲಿಲ್ಲ ಎಂದು ಮುಖ ಹೇಳುತ್ತಿತ್ತು. ಹರಿವಾಣ ಅರ್ಧ ತುಂಬಿತ್ತು. "ಎರಡು ದಿನಕ್ಕೆ ಬರ್ತೇನೆ," ಅಂದರು. "ಎರಡೇ ದಿನ. ಗೊತ್ತಾಯ್ತಲ್ಲ?"

ಎರಡು ಸೀರೆ, ಮಾತ್ರೆಯ ಡಬ್ಬಿ, ಮಾವನ ಫೋಟೋ. ಚೀಲ ನನ್ನ ಕೈಗೆ ಕೊಟ್ಟು, ದೇವರಿಗೆ ಕೈ ಮುಗಿದು ಹೊರಗೆ ಬಂದರು. ಬಾಗಿಲು ಎಳೆದರು. ಬಾಗಿಲು ಕೂರಲಿಲ್ಲ.

ಅಷ್ಟು ವರ್ಷ ಒಂದೇ ಬೆರಳಿಗೆ ಮುಚ್ಚುತ್ತಿದ್ದ ಬಾಗಿಲು. ನಾನೂ ಸೇರಿ ಎಳೆದೆ. ಮೇಲಿನ ಮೂಲೆ ಚೌಕಟ್ಟಿಗೆ ತಾಗಿ ನಿಂತುಬಿಡುತ್ತಿತ್ತು. ನೆಲ ಒದ್ದೆಯಾಗಿ ಮರ ಉಬ್ಬಿರಬೇಕು ಎಂದುಕೊಂಡೆ. ಒಳಬದಿಗೆ ಹೋಗಿ ಭುಜ ಕೊಟ್ಟು ನೂಕಿದೆ. ಅತ್ತೆ ಹೊರಗಿನಿಂದ ಹಿಡಿಕೆ ಹಿಡಿದು ಜೋತುಬಿದ್ದರು. ಇಬ್ಬರೂ ಬೆವರುತ್ತ, ಒಬ್ಬರಿಗೊಬ್ಬರು ಬೈಯುತ್ತ, ಆ ಮೆಟ್ಟಿಲ ಕಟ್ಟೆಯ ಮೇಲೆ ಒಂದು ಬಾಗಿಲಿನ ಜೊತೆ ಗುದ್ದಾಡಿದೆವು. ಉಬ್ಬಿದ್ದು ಮರವಲ್ಲ. ಚೌಕಟ್ಟು ಇಳಿದಿತ್ತು. ಮೇಲಿನ ಮಹಡಿಗಳು ಆ ಬಾಗಿಲ ಮೇಲೆ ಕೂರತೊಡಗಿದ್ದವು, ನಾವು ಅದನ್ನು ನೂಕುತ್ತಿದ್ದೆವು. ಇದು ನನಗೆ ಆಮೇಲೆ ತಿಳಿದದ್ದು. ತಿಳಿದ ಮೇಲೆ ನನ್ನ ಭುಜ ಆ ಮರವನ್ನು ಮರೆತಿಲ್ಲ.

"ಬಿಡಿ ಅತ್ತೆ, ಒಳಗೆ ಕದಿಯುವಂಥದ್ದು ಏನಿದೆ?"

"ಬಾಗಿಲು ತೆರೆದಿಟ್ಟು ಹೋಗುದು ಹೇಗೆ? ಖಾಲಿ ಮನೆ ಅಂತ ಯಾರಾದ್ರೂ..." ಮಾತು ನಿಲ್ಲಿಸಿ ಕೆಳಗೆ ನೋಡಿದರು. ತಾವು ದಿನಾ ಮೆಟ್ಟುತ್ತಿದ್ದ ಚಪ್ಪಲಿ ಹಿಂದಿನ ದಿನವೇ ಕಿತ್ತುಹೋಗಿತ್ತಂತೆ, ಅದಕ್ಕೆ ಅಂದು ಹೊರಗಿಡುವ ಆ ಹಳೆಯ ಜೊತೆಯನ್ನೇ ಹಾಕಿದ್ದರು. ಅದನ್ನು ಕಳಚಿದರು. ಮಾವನ ಚಪ್ಪಲಿಯ ಪಕ್ಕ ಜೋಡಿಸಿಟ್ಟರು. ತೆರೆದ ಬಾಗಿಲಿಗೆ "ಬರ್ತೇನೆ" ಎಂದು ಹೇಳಿ ಬರಿಗಾಲಲ್ಲಿ ಮೆಟ್ಟಿಲಿಳಿದರು.

ರಸ್ತೆ ದಾಟಿ ಅಂಗಡಿಯ ಮುಂದೆ ನಿಂತು ರಿಕ್ಷಾಕ್ಕೆ ಕೈ ಮಾಡುತ್ತಿದ್ದೆವು. ಹಿಂದೆ ದೊಡ್ಡ ಸದ್ದೇನೂ ಆಗಲಿಲ್ಲ. ಗೋಣಿಯಿಂದ ಜಲ್ಲಿ ಸುರಿದ ಹಾಗೆ, ಉದ್ದಕ್ಕೆ. ತಿರುಗಿದರೆ ಕಟ್ಟಡದ ಹಿಂಭಾಗದಿಂದ ಧೂಳು ಎದ್ದಿತ್ತು. ಅಡುಗೆಮನೆಗಳ ಸಾಲು ಕುಸಿದಿತ್ತು. ರಸ್ತೆಯ ಕಡೆಯ ಹಾಲ್‌ಗಳು, ಮೆಟ್ಟಿಲು, ಏನೂ ಆಗದವರ ಹಾಗೆ ನಿಂತಿದ್ದವು.

ಜನ ಸೇರಿದರು. ಅಗ್ನಿಶಾಮಕ ದಳದ ಗಾಡಿ ಬಂತು. ಯಾರೋ ಅತ್ತೆಯನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ಚಹಾ ಕೊಟ್ಟರು. ಅವರು ಕಪ್ಪು ಹಿಡಿದು ಕೂತಿದ್ದರು. ದಳದವನೊಬ್ಬ, ಮೂವತ್ತರ ಆಸುಪಾಸಿನವ, ಒಬ್ಬೊಬ್ಬರನ್ನೇ ಕೇಳುತ್ತ ಬಂದ, ಎರಡನೇ ಮಹಡಿಯಲ್ಲಿ ಯಾರಾದರೂ ಇದ್ದಾರಾ ಎಂದು. ಅತ್ತೆ ತಲೆ ಎತ್ತದೆ ಅಂದರು, "ಆಮ್ಹೀ ರಾಹತೋ. ಆಮ್ಹೀ ತಿಥೇಚ ರಾಹತೋ." ನಾವು ಇರುತ್ತೇವೆ, ಅಲ್ಲೇ ಇರುತ್ತೇವೆ.

ನಾನು ಪಕ್ಕದಲ್ಲೇ ಇದ್ದೆ. ಎಷ್ಟೋ ಸಲ ಕೇಳಿದ ವಾಕ್ಯ, ಕಿವಿಯ ಹೊರಗೇ ಉಳಿಯಿತು. ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಓಡಿದ.

ಆ ಕಟ್ಟಡದ ಮೆಟ್ಟಿಲಿಗೆ ರಸ್ತೆಯ ಕಡೆ ಸಿಮೆಂಟಿನ ಜಾಳಿ ಇತ್ತು. ಅದರ ತೂತುಗಳಲ್ಲಿ ಅವನು ಹತ್ತುವುದು ಕಾಣಿಸುತ್ತಿತ್ತು. ಎರಡನೇ ಮಹಡಿಯಲ್ಲಿ ನಿಂತ. ಬಗ್ಗಿದ. ಅವನು ಏನು ನೋಡುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ತೆರೆದ ಬಾಗಿಲು, ಹೊರಗೆ ಎರಡು ಜೊತೆ ಚಪ್ಪಲಿ, ಒಂದು ಗಂಡಸಿನದು, ಒಂದು ಹೆಂಗಸಿನದು. ಅವನು ಮೇಲಿನಿಂದಲೇ ಕೆಳಗಿನವರಿಗೆ ಕೂಗಿದ, "ಆತ ಮಾಣಸಂ ಆಹೇತ!" ಒಳಗೆ ಜನ ಇದ್ದಾರೆ.

ಚಹಾದ ಕಪ್ಪು ಬಿದ್ದು ಒಡೆದ ಸದ್ದು ಕೇಳಿತು. ಅತ್ತೆ ಎದ್ದು ರಸ್ತೆಯ ನಡುವಿಗೆ ಹೋಗಿದ್ದರು, ಬರಿಗಾಲಲ್ಲಿ, ಸೆರಗು ಜಾರಿದ್ದು ತಿಳಿಯದೆ, ಎರಡೂ ಕೈ ಮೇಲೆತ್ತಿ.

"ಕೋಣೀ ನಾಹೀ! ಘರಾತ ಕೋಣೀ ನಾಹೀ!" ಯಾರೂ ಇಲ್ಲ, ಮನೆಯಲ್ಲಿ ಯಾರೂ ಇಲ್ಲ. ಆಮೇಲೆ ಕನ್ನಡದಲ್ಲಿ, ಆಮೇಲೆ ತುಳುವಿನಲ್ಲಿ, ಅವನಿಗೆ ಯಾವುದು ಅರ್ಥವಾಗುತ್ತದೆ ಎಂಬ ಪರಿವೆ ಇಲ್ಲದೆ. "ಮನೆ ಖಾಲಿ ಉಂಟು! ಖಾಲಿ! ಇಲ್ಲಡ್ ಏರ್‌ಲಾ ಇಜ್ಜೆರ್!"

ಅವನು ಹೊಸ್ತಿಲಲ್ಲಿ ಒಂದು ಕ್ಷಣ ತಡೆದ. ತನ್ನ ಬೂಟು ನೋಡಿಕೊಂಡ. ನಾನು ಅದನ್ನು ನೋಡಿದ್ದೇನೆ, ಜಾಳಿಯ ತೂತಿನಲ್ಲಿ, ಬಾಗಿದ ಹೆಲ್ಮೆಟ್ಟು. ಚಪ್ಪಲಿ ಬಿಟ್ಟಿರುವ ಮನೆಯೊಳಗೆ ಬೂಟು ಹಾಕಿಕೊಂಡು ಹೋಗುವ ಅಳುಕು, ಹುಟ್ಟಿದಾಗಿನಿಂದ ಕಾಲಿಗೆ ಅಂಟಿದ್ದು. ಅಷ್ಟರಲ್ಲಿ ಅತ್ತೆಯ ದನಿ ಅವನಿಗೆ ಮುಟ್ಟಿತು. ಅವನು ತಿರುಗಿದ. ಕೆಳಗಿನಿಂದ ಬೇರೆಯವರೂ ಕೂಗಿದರು. ಅವನು ಇಳಿದು ಗೇಟು ದಾಟಿದ್ದನೋ ಇಲ್ಲವೋ, ಹಾಲ್‌ನ ನೆಲ ಕೆಳಗೆ ಹೋಯಿತು.

ಅವನು ಬಂದು ಅತ್ತೆಯ ಎದುರು ನಿಂತ. ಮೈಯೆಲ್ಲ ಧೂಳು. "ಆಜೀ, ಮಗ ಚಪಲಾ ಕಶಾಲಾ ಠೇವಲ್ಯಾ ಬಾಹೇರ?" ಮತ್ತೆ ಚಪ್ಪಲಿ ಯಾಕಜ್ಜಿ ಹೊರಗಿಟ್ಟಿರಿ? ಸಿಟ್ಟಿನಿಂದಲೇ ಕೇಳಿದ. ಅತ್ತೆ ಅವನ ಕೆನ್ನೆ ಮುಟ್ಟಿದರು, ಅಷ್ಟೇ. ಅವನ ಹೆಸರು ನಾವು ಕೇಳಲಿಲ್ಲ.

ಅತ್ತೆ ಸಾನಪಾಡಾದಲ್ಲಿ ನಮ್ಮ ಮನೆಯಲ್ಲಿ ಉಳಿದರು. ಬಿಜಾಪುರದ ಅಧಿಕಾರಿ ಹಣ್ಣು ಹಿಡಿದುಕೊಂಡು ಬಂದು, ಮನೆಯೇ ಇಲ್ಲವಾದ್ದರಿಂದ ತಿಂಗಳ ಹಣ ಸದ್ಯಕ್ಕೆ ನಿಲ್ಲುತ್ತದೆ, ಆದರೆ ಬ್ಯಾಂಕು ನಿಮ್ಮನ್ನು ಅವಸರ ಮಾಡುವುದಿಲ್ಲ, ಕಟ್ಟಡದ ವ್ಯವಹಾರ ತೀರ್ಮಾನವಾಗುವವರೆಗೆ ಕಾಯುತ್ತದೆ ಎಂದರು.

"ಕಾಯುದು ಬೇಡ," ಅತ್ತೆ ಅಂದರು. "ಬದುಕಿರುವಾಗಲೇ ತೀರಿಸ್ಬಹುದು ಅಂತ ನೀವೇ ಹೇಳಿದ್ರಲ್ಲ ಅವತ್ತು."

"ಹೇಳೀನ್ರೀ. ಆದ್ರ ಹೊಸಾ ಕಟ್ಟಡದಾಗ ನಿಮಗ ಮನಿ ಸಿಗತದ ಅಮ್ಮಾರ. ಬಿಡಬ್ಯಾಡ್ರಿ."

"ಮತ್ತೆ ಅಲ್ಲಿ ವಾಸ ಇರ್ಬೇಕಲ್ಲ?"

ಹೊಸ ಕಟ್ಟಡದ ಕರಾರು ಆದಾಗ ಅತ್ತೆ, ಬ್ಯಾಂಕಿನ ಒಪ್ಪಿಗೆಯಿಂದ, ತನ್ನ ಹಕ್ಕನ್ನು ಬಿಲ್ಡರನಿಗೇ ಮಾರಿದರು. ಅಷ್ಟು ವರ್ಷ ಪಡೆದ ಕಂತುಗಳು, ಅವುಗಳ ಮೇಲೆ ಬೆಳೆದ ಬಡ್ಡಿ, ಎಲ್ಲ ಅದರಲ್ಲಿ ಕಳೆದು, ಉಳಿದದ್ದು ಅವರ ಖಾತೆಗೆ ಬಂತು. ಅಧಿಕಾರಿ ಕೈ ಮುಗಿದು ಹೋದರು. ಬಾಗಿಲವರೆಗೆ ಹೋಗಿ ಬೀಳ್ಕೊಟ್ಟ ಅತ್ತೆ, ಅವರು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿಯುವುದನ್ನು ಕೊನೆಯವರೆಗೂ ನೋಡಿದರು.

ನಮ್ಮ ಮನೆಯಲ್ಲಿ ಅವರು ಯಾವತ್ತೂ ಚಪ್ಪಲಿ ಹೊರಗೆ ಬಿಡಲಿಲ್ಲ. ಒಳಗೆ ತಂದು, ಕೈಚೀಲದಲ್ಲಿ ಸುತ್ತಿ ಮಂಚದ ಕೆಳಗೆ ಇಡುತ್ತಿದ್ದರು. ನಮ್ಮವನ್ನೂ ಒಳಗೆ ತಂದಿಡುತ್ತಿದ್ದರು. ಅವರು ತೀರಿಕೊಂಡ ಮೇಲೂ ನಮ್ಮ ಬಾಗಿಲ ಹೊರಗೆ ಏನೂ ಇರುವುದಿಲ್ಲ. ಬಂದವರು ನೆಲ ನೋಡಿ, ಯಾರೂ ಇಲ್ಲವೆಂದು ಬೆಲ್ ಒತ್ತದೆ ಹೋಗುವುದುಂಟು. ಹೋಗಲಿ.

ನನ್ನ ನೆನಪಿನಲ್ಲಿ ಆ ದಳದವನು ಇನ್ನೂ ಆ ಮೆಟ್ಟಿಲು ಹತ್ತುತ್ತಾನೆ. ಟ್ರೇನಿನಲ್ಲಿ, ಅಡುಗೆ ಮಾಡುವಾಗ, ಹೊತ್ತುಗೊತ್ತಿಲ್ಲದೆ. ಹೆಚ್ಚಿನ ಸಲ ಹೊಸ್ತಿಲಲ್ಲಿ ತಡೆಯುತ್ತಾನೆ, ಬೂಟು ನೋಡಿಕೊಳ್ಳುತ್ತಾನೆ, ಅತ್ತೆಯ ದನಿ ಮುಟ್ಟುತ್ತದೆ. ಕೆಲವು ಸಲ ಅವನು ತಡೆಯುವುದಿಲ್ಲ.